ಸ್ಟಾಪ್ ಲೀಕ್ ಬಾಟಲಿ: ಸೀಲಿಗೆ ಸೈ, ಪ್ಯಾಕಿಂಗಿಗೆ ಅಲ್ಲ

ಚಿಕ್ಕಮಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಕೂಲೆಂಟ್ ಡಬ್ಬಗಳ ಪಕ್ಕದಲ್ಲೇ ‘ಎಂಜಿನ್ ಆಯಿಲ್ ಸ್ಟಾಪ್ ಲೀಕ್’ ಬಾಟಲಿಗಳೂ ಸಿಗುತ್ತವೆ. ಹಳೇ ಮಾರುತಿ 800, ಓಮ್ನಿ, ಎಸ್ಟೇಟ್ ಜೀಪು ಇಟ್ಟುಕೊಂಡವರು ಇದನ್ನು ಕೊಳ್ಳಬಹುದೇ? ಐದಕ್ಕೆ ಎರಡೂವರೆ ಅಂಕ ಕೊಡಬಹುದು. ಎಲ್ಲ ಲೀಕಿಗೂ ಇದೇ ಮದ್ದು ಎಂದು ಮಾರುವುದಕ್ಕೆ ಉಳಿದ ಎರಡೂವರೆ ಕಟ್.

ಬಿಸಿ ತಿಂದೂ ತಿಂದೂ ಗಡುಸಾದ ರಬ್ಬರ್ ಸೀಲನ್ನು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುವುದಷ್ಟೇ ಎಂಜಿನ್ ಆಯಿಲಿಗೆ ಸುರಿಯುವ ಈ ದ್ರವದ ಕೆಲಸ. ಆಗ ಸೀಲಿನ ಅಂಚು ಮತ್ತೆ ಕ್ರ್ಯಾಂಕಿಗೆ (ಪಿಸ್ಟನ್‌ಗಳು ತಿರುಗಿಸುವ ದಂಡ) ಒತ್ತಿ ಕೂರುತ್ತದೆ. ಕಾರ್ಕ್ ಅಥವಾ ಪೇಪರ್ ಪ್ಯಾಕಿಂಗ್ (ಎರಡು ಭಾಗಗಳ ಜೋಡಣೆಯ ನಡುವಿನ ಪದರ), ಪೇಸ್ಟ್ ಹಚ್ಚಿದ ಜಾಯಿಂಟ್, ಥ್ರೆಡ್ ಹೋದ ಡ್ರೈನ್ ಬೋಲ್ಟ್, ಕಲ್ಲು ಬಡಿದು ಸೀಳಿದ ಚೇಂಬರ್ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ), ಇವಕ್ಕೆಲ್ಲ ಬಾಟಲಿ ಸುರಿದರೆ ದುಡ್ಡು ದಂಡ.

ಹಾಗಾಗಿ ಮೊದಲು ಲೀಕ್ ಎಲ್ಲಿಂದ ಅಂತ ಹುಡುಕಬೇಕು. ನಮ್ಮ ಕಡೆ ಅದೇ ಕಷ್ಟ. ತೋಟದ ರಸ್ತೆಯ ಕೆಸರು, ತರಗೆಲೆ ಆಯಿಲ್ ಜತೆ ಸೇರಿ ಚೇಂಬರಿನ ಸುತ್ತ ಗಟ್ಟಿಯಾಗಿ ಹಿಡಿದಿರುತ್ತದೆ. ಬ್ರಷ್ಷಿಗೆ ಡೀಸೆಲ್ ಹಾಕಿ ತಣ್ಣಗಿರುವ ಎಂಜಿನ್ನನ್ನು ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಜಾಯಿಂಟುಗಳ ಮೇಲೆ ಮುಖಕ್ಕೆ ಹಾಕುವ ಪೌಡರ್ ಉದುರಿಸಿ, ಸಮತಟ್ಟಾದ ಜಾಗದಲ್ಲಿ 15-20 ನಿಮಿಷ ಎಂಜಿನ್ ಓಡಿಸಿ. ಒದ್ದೆ ಗೆರೆ ಕಂಡರೆ ಅದರ ಮೇಲ್ತುದಿ ನೋಡಿ, ತೊಟ್ಟಿಕ್ಕುವ ಜಾಗವನ್ನಲ್ಲ. 800 ಮತ್ತು ಓಮ್ನಿಯ ಕಾರ್ಬುರೇಟರ್ ಮಾಡೆಲ್‌ಗಳಲ್ಲಿ ಡಿಸ್ಟ್ರಿಬ್ಯೂಟರಿನ (ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಓ-ರಿಂಗ್ ಎಂಬ ರಬ್ಬರ್ ಬಳೆ ಹೋದರೆ ಆಯಿಲ್ ಗೇರ್‌ಬಾಕ್ಸ್ ಕಡೆಗೇ ಇಳಿಯುತ್ತದೆ. ಕೆಳಗಿಂದ ನೋಡಿದವರು ‘ಕ್ರ್ಯಾಂಕಿನ ಹಿಂದಿನ ತುದಿಯ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು’ ಅಂದುಬಿಡುತ್ತಾರೆ. ಚಿಲ್ಲರೆ ಕಾಸಿನ ರಿಂಗಿಗೆ ಸಾವಿರಗಟ್ಟಲೆ ಕೂಲಿ! ಬೆಲ್ ಹೌಸಿಂಗಿನಿಂದ (ಎಂಜಿನ್-ಗೇರ್‌ಬಾಕ್ಸ್ ನಡುವಿನ ಕ್ಲಚ್ ಗೂಡು) ತೊಟ್ಟಿಕ್ಕುತ್ತಿದ್ದರೆ ಬೆರಳಿಗೆ ತಾಗಿಸಿ ಮೂಸಿ: ಗಂಧಕದ ಘಾಟು ಬಂದರೆ ಅದು ಗೇರ್ ಆಯಿಲ್, ಎಂಜಿನ್ನಿನದ್ದಲ್ಲ.

ಸೀಲೇ ಅಂತ ಗೊತ್ತಾದ ಮೇಲೂ ಎಂಜಿನ್ ಒಳಗಿನ ಹೊಗೆ-ಗಾಳಿ ಹೊರಬಿಡುವ ಬ್ರೀದರ್ ಪೈಪ್ ನೋಡದೆ ಬಾಟಲಿಗೆ ಕೈ ಹಾಕಬೇಡಿ. ಪೈಪ್ ಮಡ್ಡಿಯಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಹೊಸ ಸೀಲನ್ನೂ ಬಿಡುವುದಿಲ್ಲ. ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯಿರಿ. ಆಮೇಲೂ ಐಡಲ್‌ನಲ್ಲಿ ಆಯಿಲ್ ಮುಚ್ಚಳವನ್ನು ಸಡಿಲವಾಗಿ ಮಗುಚಿ ಇಟ್ಟಾಗ ಅದು ಕುಣಿದು ಬೀಳುವಷ್ಟು ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅನುಮಾನಿಸಿ ಕಂಪ್ರೆಷನ್ (ಸಿಲಿಂಡರಿನ ಒತ್ತಡ) ನೋಡಿಸಿ.

ಬಾಟಲಿ ಹಾಕುವಾಗ ಬಹಳ ಜನ ಎಡವುವುದು ಅಳತೆಯಲ್ಲಿ. ಸುಮಾರು 300 ಮಿ.ಲೀ. ಬಾಟಲಿ ಸಾಮಾನ್ಯವಾಗಿ 4-5 ಲೀಟರ್ ಆಯಿಲಿಗೆ ಲೆಕ್ಕ ಹಾಕಿದ್ದು. 800ರ ಎಂಜಿನ್ ಹಿಡಿಯುವುದು 3 ಲೀಟರ್ ಆಸುಪಾಸು, ಪೂರ್ತಿ ಸುರಿಯುವ ಹಾಗಿಲ್ಲ. ಲೇಬಲ್ ಓದಿ, ಹಾಕಿದಷ್ಟು ಆಯಿಲ್ ಕಮ್ಮಿ ಮಾಡಿ. ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ತೀರಾ ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಲೀಕ್ ಹೆಚ್ಚಾಗುತ್ತದೆ. ಮನೆ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ ಅಳೆದರೆ ಲೆಕ್ಕ ಖಂಡಿತ ತಪ್ಪು. ಫಲ ಕಾಣಲು ಕೆಲವು ನೂರು ಕಿ.ಮೀ. ಓಡಬೇಕು. ಆಗಲೂ ನಿಲ್ಲದಿದ್ದರೆ ಎರಡನೇ ಬಾಟಲಿ ಬೇಡ, ಸೀಲ್ ಅತಿಯಾಗಿ ಮೆತ್ತಗಾದರೆ ಹರಿದುಹೋಗುತ್ತದೆ.

ಟ್ಯಾಪೆಟ್ ಕವರಿನ (ಎಂಜಿನ್ನಿನ ನೆತ್ತಿಯ ಮುಚ್ಚಳ) ಲೀಕಿಗೆ ಅದೇ ದುಡ್ಡಲ್ಲಿ ಪ್ಯಾಕಿಂಗ್ ಹಾಕಿಸಿ. ಹಳೇ ಪ್ಯಾಕಿಂಗಿನ ಚೂರುಗಳನ್ನು ಕೆರೆದು, ಪೆಟ್ರೋಲಿನಲ್ಲಿ ಒರೆಸಿ. ತಗಡಿನ ಕವರ್ ಬೋಲ್ಟಿನ ಹತ್ತಿರ ಒಳಗೆ ಕುಸಿದಿದ್ದರೆ ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಮಟ್ಟ ಮಾಡಿ. ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಸುತ್ತಾಗಿ, ಎರಡು ಸಲ, ಹಗುರವಾಗಿ ಬಿಗಿ ಮಾಡಿ. ಜಾಸ್ತಿ ಬಿಗಿದರೆ ಕಾರ್ಕ್ ಬಿರಿಯುತ್ತದೆ. ಸಿಲಿಕೋನ್ ಪೇಸ್ಟ್ ಹಚ್ಚಲೇಬೇಕಾದ ಕಡೆ 2-3 ಮಿ.ಮೀ. ಗೆರೆ ಸಾಕು. ಒಳಗೆ ಉಕ್ಕಿದ ಪೇಸ್ಟ್ ಕಿತ್ತು ಬಂದು ಆಯಿಲ್ ಪಂಪಿನ ಜಾಲರಿ ಮುಚ್ಚಿದರೆ ಎಂಜಿನ್ನೇ ಹೋದ ಹಾಗೆ. ಹಚ್ಚಿದ ಮೇಲೆ 24 ಗಂಟೆ ಗಾಡಿ ಸ್ಟಾರ್ಟ್ ಮಾಡಬೇಡಿ.

ಹಿಂದಿನ ಸೀಲ್ ಬರೀ ಜಿನುಗುತ್ತಿದ್ದು, ಕ್ಲಚ್ ಇನ್ನೂ ಚೆನ್ನಾಗಿದ್ದರೆ ಮಾತ್ರ ಈ ಬಾಟಲಿಗೆ ಬೆಲೆಯಿದೆ. ಕ್ಲಚ್ ಬದಲಿಸುವ ತನಕ ಕಾಲ ತಳ್ಳಬಹುದು. ಚಾರ್ಮಾಡಿ ಏರಿನಲ್ಲಿ ಎಂಜಿನ್ ಕೂಗಿದರೂ ಗಾಡಿ ಎಳೆಯದಿದ್ದರೆ ಆಯಿಲ್ ಕ್ಲಚ್ ಪ್ಲೇಟಿಗೆ ಹತ್ತಿರಬಹುದು. ಆಗ ಗೇರ್‌ಬಾಕ್ಸ್ ಇಳಿಸಿ ಪ್ಲೇಟ್, ಸೀಲ್ ಎರಡನ್ನೂ ಒಟ್ಟಿಗೆ ಹಾಕಿಸಿ. ಕ್ರ್ಯಾಂಕಿನಲ್ಲಿ ಸೀಲ್ ಕೂರುವ ಜಾಗ ಉಗುರಿಗೆ ಸಿಗುವಷ್ಟು ಸವೆದಿದೆಯೇ ಅಂತಲೂ ಅದೇ ಹೊತ್ತಿಗೆ ನೋಡಿಸಿ.