ಮಂಗಳದ ಗಾಳಿಯಿಂದ ರಾಕೆಟ್ ಇಂಧನ: ಯಾವ ದಾರಿ?

ಕೋಲಾರದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ಪ್ರಶ್ನೆ: ಇಂಗಾಲದ ಡೈಆಕ್ಸೈಡನ್ನು ಒಡೆದು ಆಮ್ಲಜನಕ ಮಾತ್ರ ತೆಗೆಯುವುದೋ, ಅದನ್ನು ಹೈಡ್ರೋಜನ್ ಜೊತೆ ಸೇರಿಸಿ ಮೀಥೇನ್ ಮತ್ತು ನೀರು ಪಡೆಯುವ ಸಬಾಟಿಯೇ ಕ್ರಿಯೆಯಿಂದ ಇಂಧನವಾದ ಮೀಥೇನನ್ನೂ ಮಾಡುವುದೋ?

ಮೊದಲನೆಯದಕ್ಕೆ ಗಾಳಿಯೊಂದೇ ಸಾಕು, ಅದರಲ್ಲಿ ಶೇ. 95ರಷ್ಟು ಅದೇ ಅನಿಲ. ಎರಡನೆಯದಕ್ಕೆ ಹೈಡ್ರೋಜನ್ ಬೇಕು. ಭೂಮಿಯಿಂದ ದ್ರವವಾಗಿ ಒಯ್ದರೆ ಮೈನಸ್ 253 ಡಿಗ್ರಿಯಲ್ಲಿ ಕಾಪಾಡಬೇಕು; ಅಲ್ಲೇ ಪಡೆಯಲು ಮಂಜುಗಡ್ಡೆ ಅಗೆಯಬೇಕು. ನೀರು ಇರುವುದಕ್ಕೂ ಸಿಗುವುದಕ್ಕೂ ಇರುವ ಅಂತರವನ್ನು ಬೋರ್‌ವೆಲ್ ಕೊರೆಸಿದ ಕೋಲಾರದವರಿಗೆ ಹೇಳಬೇಕಿಲ್ಲ!

ಶಾಖದಲ್ಲಿ ಲೆಕ್ಕ ತಿರುಗುತ್ತದೆ. ವಿದ್ಯುತ್ತಿನಿಂದ ಅನಿಲವನ್ನು ಒಡೆಯುವ ಕೋಶಕ್ಕೆ ಸುಮಾರು 800 ಡಿಗ್ರಿ ಬೇಕು, ವೋಲ್ಟೇಜ್ ಮಿತಿ ಮೀರಿದರೆ ಎಲೆಕ್ಟ್ರೋಡಿನ ಮೇಲೆ ಮಸಿ ಕಟ್ಟಿ ಕೋಶ ಹಾಳಾಗುತ್ತದೆ. ಸಬಾಟಿಯೇ 300–400 ಡಿಗ್ರಿಯಲ್ಲಿ ನಿಕಲ್ ವೇಗವರ್ಧಕದ ಮೇಲೆ ನಡೆದು ತಾನೇ ಬಿಸಿ ಕೊಡುತ್ತದೆ. ಆ ಬಿಸಿ ಹೊರಹೋಗದಿದ್ದರೆ ಮೀಥೇನ್ ಇಳುವರಿ ಕುಸಿಯುತ್ತದೆ.

ಮಂಗಳದಲ್ಲೇ ಪರೀಕ್ಷೆಯಾಗಿರುವುದು ಮೊದಲನೆಯದು: ನಾಸಾದ ಪರ್ಸಿವಿಯರೆನ್ಸ್ ರೋವರಿನಲ್ಲಿದ್ದ ಮಾಕ್ಸಿ ಎಂಬ ಆಮ್ಲಜನಕ ತಯಾರಿಸುವ ಉಪಕರಣ 2021–23ರಲ್ಲಿ 16 ಬಾರಿ ಓಡಿ 122 ಗ್ರಾಂ ಆಮ್ಲಜನಕ ಕೊಟ್ಟಿತು. ಒತ್ತಡ ಭೂಮಿಯದರ ಶೇ. 1ಕ್ಕಿಂತ ಕಡಿಮೆ, ಹಾಗಾಗಿ ಕಂಪ್ರೆಸರ್, ಧೂಳಿನ ಫಿಲ್ಟರ್ ಎರಡೂ ದಾರಿಗಳಿಗೆ ಬೇಕು.

ಎಂಜಿನ್ನಿಗೆ 1 ಕೆಜಿ ಮೀಥೇನಿಗೆ ಸುಮಾರು 3.5 ಕೆಜಿ ಆಮ್ಲಜನಕ ಬೇಕು. ಮಂಜುಗಡ್ಡೆ ಇಲ್ಲದ ಜಾಗವಾದರೆ ಮೀಥೇನ್ ಒಯ್ದು ಆಮ್ಲಜನಕ ಅಲ್ಲೇ ಮಾಡಿ. ಮಂಜುಗಡ್ಡೆ ಇದ್ದರೆ ಸಬಾಟಿಯೇ ಜೊತೆಗೆ ನೀರಿನ ವಿದ್ಯುದ್ವಿಭಜನೆ (ನೀರನ್ನು ವಿದ್ಯುತ್ತಿನಿಂದ ಒಡೆಯುವುದು) 1 ಕೆಜಿ ಮೀಥೇನಿಗೆ 4 ಕೆಜಿಯಷ್ಟು ಆಮ್ಲಜನಕ ಕೊಡುತ್ತದೆ. ಹೈಡ್ರೋಜನ್ ಒಯ್ದರೆ 1ಕ್ಕೆ 2 ಮಾತ್ರ, ಆಗ ಕೊರತೆ ತುಂಬಲು ಇಂಗಾಲದ ಡೈಆಕ್ಸೈಡ್ ಒಡೆಯುವ ಯಂತ್ರವೂ ಬೇಕಾದೀತು.