ಅಮ್ಮನ ಹೆಸರಲ್ಲಿ ಸೈಟ್ ಬುಕ್ ಮಾಡಿದ ಯೂಟ್ಯೂಬರ್ ಮತ್ತು ನಮ್ಮಪ್ಪನ ಒಂದು ಲಕ್ಷ

ಯಾವ ಚಾನೆಲ್, ಯಾವ ಲೇಔಟ್ ಅಂತ ಇಲ್ಲಿ ಬರೆಯುವುದಿಲ್ಲ. ದಯವಿಟ್ಟು ಕೇಳಬೇಡಿ. ದುಡ್ಡಿನ ವ್ಯವಹಾರ ಇನ್ನೂ ಪೂರ್ತಿ ಮುಗಿದಿಲ್ಲ, ವಕೀಲರು ಹೆಸರು ಹಾಕಬೇಡಿ ಅಂದಿದ್ದಾರೆ. ಆದರೆ ವಿಡಿಯೋ ನೋಡಿ ಸೈಟ್ ತಗೊಳ್ಳೋಣ ಅಂತ ಹೊರಟಿರುವವರು, ಅದರಲ್ಲೂ ಮನೆಯಲ್ಲಿ ರಿಟೈರ್ ಆದ ಅಪ್ಪನೋ ಮಾವನೋ ಇರುವವರು, ಐದು ನಿಮಿಷ ಕೂತು ಇದನ್ನು ಓದಿ.

ನಮ್ಮಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಟಿಕೆಟ್ ತಗೊಳ್ಳದೆ ಕೂತವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದರು. ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿ ಅಲ್ಲ. ತಿಪಟೂರಿನಲ್ಲಿದ್ದಾಗ ಬ್ರೋಕರ್‌ಗಳು ಮನೆಗೆ ಬಂದರೆ ಕಾಫಿ ಕೂಡ ಕೊಡಿಸುತ್ತಿರಲಿಲ್ಲ. ಅಂಥವರು ಒಬ್ಬ ಹುಡುಗನ ಮಾತಿಗೆ ಒಂದು ಲಕ್ಷ ತೆಗೆದು ಕೊಟ್ಟರು. ಆ ಹುಡುಗನನ್ನು ಅವರು ಒಂದು ಸಲವೂ ಎದುರಿಗೆ ನೋಡಿಲ್ಲ.

ಅವನು ಯೂಟ್ಯೂಬರ್. ಶುರು ಮಾಡಿದ್ದು ಹೋಟೆಲ್ ತೋರಿಸಿ. ಬಿಡದಿಯ ತಟ್ಟೆ ಇಡ್ಲಿ, ಹೈವೇ ಪಕ್ಕದ ಮುದ್ದೆ ಊಟ, ಹೀಗೆ. ಆಮೇಲೆ ತೋಟ, ಹಸು, ಡ್ರಿಪ್ ನೀರಾವರಿ. ಅಪ್ಪ ನನ್ನ ಜೊತೆ ಕೆಂಗೇರಿಯ ಬಾಡಿಗೆ ಮನೆಗೆ ಬಂದ ಮೇಲೆ ರಾತ್ರಿ ಊಟದ ಹೊತ್ತಿಗೆ ಅವನ ವಿಡಿಯೋ ಹಾಕಲೇಬೇಕು. ಮೂರು ವರ್ಷ ಹೀಗೇ ನಡೆಯಿತು. ಅವನಿಗೆ ಮದುವೆಯಾಗಿದ್ದು, ಅವನ ಅಮ್ಮನಿಗೆ ಮಂಡಿ ಆಪರೇಷನ್ ಆಗಿದ್ದು ಎಲ್ಲ ನಮಗೆ ಗೊತ್ತು. ಅಪ್ಪನ ಬಾಯಲ್ಲಿ ಅವನಿಗೆ ಹೆಸರೇ ಇರಲಿಲ್ಲ. 'ನಮ್ಮ ಹುಡುಗ' ಅಷ್ಟೇ.

ಕಳೆದ ವರ್ಷ ಶ್ರಾವಣ ಶುರುವಾದ ವಾರ ಒಂದು ವಿಡಿಯೋ ಬಂತು. ಹದಿನಾಲ್ಕು ನಿಮಿಷದ್ದು. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ಒಳಗೆ ಒಂದು ಲೇಔಟ್. ದೊಡ್ಡ ಆರ್ಚ್, ಎರಡು ಸಾಲು ತೆಂಗಿನ ಸಸಿ, ಅರ್ಧ ಹಾಕಿದ ಟಾರು ರಸ್ತೆ. ಮೂವತ್ತು-ನಲವತ್ತರ ಸೈಟ್ 15 ಲಕ್ಷ. 'ಡಿಸಿ ಕನ್ವರ್ಷನ್ ಆಗಿದೆ, ಡಾಕ್ಯುಮೆಂಟ್ಸ್ ಎಲ್ಲಾ ಪಕ್ಕಾ, ನಾನೇ ಕೂತು ನೋಡಿದೀನಿ ಬಂಧುಗಳೇ' ಅಂದ. ಡಿಸಿ ಕನ್ವರ್ಷನ್ ಅಂದರೆ ಭೂಪರಿವರ್ತನೆ, ಕೃಷಿ ಜಮೀನಲ್ಲಿ ಮನೆ ಕಟ್ಟಬಹುದು ಅನ್ನುವ ಸರ್ಕಾರದ ಅನುಮತಿ. ಕೊನೆಗೆ ಹಳದಿ ಬಣ್ಣ ಬಳಿದ ಒಂದು ಗಡಿಕಲ್ಲಿನ ಮೇಲೆ ಕೈ ಇಟ್ಟು ನಿಂತ. ಕಲ್ಲಿನ ಮೇಲೆ ಕೆಂಪು ಪೇಂಟಲ್ಲಿ 17 ಅಂತ ಬರೆದಿತ್ತು. 'ಸುಮ್ನೆ ನಿಮಗೆ ಹೇಳೋದಲ್ಲ. ನಾನೂ ಒಂದು ಬುಕ್ ಮಾಡ್ತಾ ಇದೀನಿ, ನಮ್ಮಮ್ಮನ ಹೆಸರಲ್ಲಿ' ಅಂದ. ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ನನ್ನ ಕಣ್ಣೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ವರಮಹಾಲಕ್ಷ್ಮಿ ಹಬ್ಬದೊಳಗೆ ಹೋಗಿ ಅವನ ಹೆಸರು ಹೇಳಿದರೆ 25 ಸಾವಿರ ಕಡಿಮೆ. ಭಾನುವಾರವೇ ಹೊರಟೆವು.

ಅಲ್ಲೊಂದು ಶಾಮಿಯಾನ. ಪ್ಲಾಸ್ಟಿಕ್ ಕುರ್ಚಿ, ಬಾದಾಮಿ ಹಾಲು. ನಮಗಿಂತ ಮುಂಚೆ ಐದಾರು ಕುಟುಂಬ ಬಂದಿದ್ದವು. ಎಲ್ಲರೂ ಅದೇ ವಿಡಿಯೋ ನೋಡಿ ಬಂದವರು. ಟೇಬಲ್ ಹಿಂದೆ ಕೂತಿದ್ದ ಹುಡುಗ ನಮ್ಮ ಹೆಸರು ಕೇಳುವುದಕ್ಕೂ ಮೊದಲು 'ಯಾವ ವಿಡಿಯೋ ನೋಡಿ ಬಂದ್ರಿ ಸಾರ್?' ಅಂದ. ಅವನ ಮುಂದೆ ಉದ್ದ ನೋಟ್‌ಬುಕ್ ಇತ್ತು. ಪ್ರತಿ ಪುಟದ ಮೇಲೂ ಒಬ್ಬೊಬ್ಬ ಯೂಟ್ಯೂಬರ್ ಹೆಸರು, ಕೆಳಗೆ ಬಂದವರ ಫೋನ್ ನಂಬರ್, ಪಕ್ಕದಲ್ಲಿ ಬುಕ್ ಮಾಡಿದವರಿಗೆ ಟಿಕ್. ನಾನು ಅಕೌಂಟ್ಸ್ ಕೆಲಸ ಮಾಡುವವಳು. ಲೆಡ್ಜರ್ ಕಂಡರೆ ಲೆಡ್ಜರ್ ಅಂತ ಗೊತ್ತಾಗಬೇಕಿತ್ತು. 25 ಸಾವಿರದ ರಿಯಾಯಿತಿಗೆ ಅವನ ಹೆಸರು ಹೇಳಬೇಕು ಅಂದಿದ್ದು ನಮ್ಮ ಮೇಲಿನ ಪ್ರೀತಿಗಲ್ಲ, ಯಾರ ಕಡೆಯಿಂದ ಎಷ್ಟು ಜನ ಬಂದರು ಅಂತ ಲೆಕ್ಕ ಇಡೋದಕ್ಕೆ. ಆ ಹೊತ್ತಿಗೆ ಇದು ಹೊಳೆಯಲಿಲ್ಲ. 'ಇವತ್ತು ನಾಲ್ಕೇ ಉಳಿದಿದೆ' ಅಂತ ಆತ ಹೇಳುತ್ತಿದ್ದ, ನಾನು ಅಪ್ಪನ ಮುಖ ನೋಡುತ್ತಿದ್ದೆ.

ನನ್ನ ಫೋನಿಂದಲೇ ಒಂದು ಲಕ್ಷ ಟೋಕನ್ ಹೋಯಿತು. ಅಪ್ಪನ ಗ್ರಾಚುಟಿ ದುಡ್ಡು. ರಸೀದಿ ಕೊಟ್ಟರು. ಕೆಳಗಡೆ ಇರುವೆ ಗಾತ್ರದ ಅಕ್ಷರದಲ್ಲಿ 'ನಾನ್ ರೀಫಂಡಬಲ್' ಅಂತ ಇದ್ದಿದ್ದನ್ನು ಮನೆಗೆ ಬಂದ ಮೇಲೆ ಓದಿದೆ.

ಹತ್ತು ದಿನದೊಳಗೆ ಇನ್ನೂ ನಾಲ್ಕು ಲಕ್ಷ ಕಟ್ಟಿ, ಬಾಂಡ್ ಪೇಪರ್ ಮೇಲೆ ಅಗ್ರಿಮೆಂಟ್ ಮಾಡಿಕೊಡ್ತೀವಿ, ಜೊತೆಗೆ ಜಿಪಿಎ, ನೋಂದಣಿ ಆಮೇಲೆ ಅಂತ ಫೋನ್ ಬಂತು. ಜಿಪಿಎ ಅಂದರೆ ಒಬ್ಬರ ಪರವಾಗಿ ವ್ಯವಹಾರ ನಡೆಸಲು ಕೊಡುವ ಅಧಿಕಾರ ಪತ್ರ, ಕ್ರಯಪತ್ರ ಅಲ್ಲ. ಜಿಪಿಎ ಅಂದ ಕೂಡಲೇ ಅಪ್ಪನಿಗೆ ಹಳೆಯ ಕಂಡಕ್ಟರ್ ಬುದ್ಧಿ ವಾಪಸ್ ಬಂತು. ತಿಪಟೂರಿನ ಅವರ ಸ್ನೇಹಿತರೊಬ್ಬರು ಗ್ರಾಮ ಲೆಕ್ಕಿಗರಾಗಿ ರಿಟೈರ್ ಆದವರು. ರಸೀದಿಯಲ್ಲಿದ್ದ ಸರ್ವೆ ನಂಬರ್ ಅವರಿಗೆ ಕಳಿಸಿದೆವು. ಸರ್ಕಾರದ 'ಭೂಮಿ' ವೆಬ್‌ಸೈಟಲ್ಲಿ ಪಹಣಿ ತೆಗೆದು ನೋಡಲು ಅವರಿಗೆ ಹತ್ತು ನಿಮಿಷ ಸಾಕಾಯಿತು. ಫೋನ್ ಮಾಡಿ ಮೊದಲು ಚೆನ್ನಾಗಿ ನಕ್ಕರು. 'ನಿಮ್ಮ ಸೈಟಲ್ಲಿ ರಾಗಿ ಬೆಳ್ದಿದೆ ಕಣ್ರೀ!'

ಪಹಣಿಯಲ್ಲಿ ಅದು ಇನ್ನೂ ಖುಷ್ಕಿ ಜಮೀನು. ಬೆಳೆಯ ಕಾಲಂನಲ್ಲಿ ರಾಗಿ. ಭೂಪರಿವರ್ತನೆ ಆಗಿರಲಿಲ್ಲ. ಬರೀ ಅರ್ಜಿ ಹಾಕಿದ್ದರು, ಅದರ ಸ್ವೀಕೃತಿಯ ಜೆರಾಕ್ಸ್ ಫೈಲಲ್ಲಿ ಇಟ್ಟುಕೊಂಡು ಎಲ್ಲರಿಗೂ ತೋರಿಸುತ್ತಿದ್ದರು. ಲೇಔಟ್, ಅಪಾರ್ಟ್‌ಮೆಂಟ್ ಮಾರುವವರ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ರೇರಾ. ಅದರ ವೆಬ್‌ಸೈಟಲ್ಲಿ ಹುಡುಕಿದೆ, ಆ ಹೆಸರಿನ ಪ್ರಾಜೆಕ್ಟೇ ಇಲ್ಲ. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆದರೆ ರೇರಾ ನೋಂದಣಿ ಆಗದೆ ಮಾರುವುದಿರಲಿ, ಜಾಹೀರಾತು ಕೂಡ ಕೊಡುವ ಹಾಗಿಲ್ಲ. 500 ಚದರ ಮೀಟರ್ ಅಂದರೆ ಮೂವತ್ತು-ನಲವತ್ತರ ನಾಲ್ಕು ಸೈಟ್ ಆಗುವಷ್ಟು ಜಾಗ, ಅಷ್ಟೇ. ನೋಂದಣಿ ಆಗಿದ್ದರೆ ಜಾಹೀರಾತಿನಲ್ಲೇ ಆ ನಂಬರ್ ಎದ್ದು ಕಾಣುವ ಹಾಗೆ ಹಾಕಬೇಕು. ಹದಿನಾಲ್ಕು ನಿಮಿಷದಲ್ಲಿ ಅವನು ತೆಂಗಿನ ಸಸಿಯ ತಳಿ ಹೇಳಿದ್ದ, ರೇರಾ ನಂಬರ್ ಹೇಳಿರಲಿಲ್ಲ. ಇನ್ನು ನೋಂದಾಯಿತ ಅಗ್ರಿಮೆಂಟ್ ಇಲ್ಲದೆ ಬೆಲೆಯ ಶೇಕಡ 10ಕ್ಕಿಂತ ಜಾಸ್ತಿ ಮುಂಗಡ ತಗೊಳ್ಳುವ ಹಾಗೂ ಇಲ್ಲ. 15 ಲಕ್ಷಕ್ಕೆ ಅದು ಒಂದೂವರೆ ಲಕ್ಷ. ಇವರು ಕೇಳಿದ್ದು ಒಟ್ಟು ಐದು. ಜಿಪಿಎ ಮಾಡಿಕೊಟ್ಟರೆ ಆಸ್ತಿ ಕೈ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಇದೆಲ್ಲ ನಾನು ದುಡ್ಡು ಕೊಡುವ ಮೊದಲೇ ನೋಡಬಹುದಿತ್ತಲ್ವಾ? ನೋಡಬಹುದಿತ್ತು. ಎಲ್ಲರೂ ಬಯ್ದಿದ್ದಾರೆ, ನೀವೂ ಬಯ್ಯಿರಿ. ಆದರೆ ಯಾಕೆ ನೋಡಲಿಲ್ಲ ಅನ್ನುವುದನ್ನು ಹೇಳಬೇಕು ಅಂತಲೇ ಇಷ್ಟು ಉದ್ದ ಬರೆಯುತ್ತಿರುವುದು. ಇದೇ ಸೈಟನ್ನು ಒಬ್ಬ ಬ್ರೋಕರ್ ತೋರಿಸಿದ್ದರೆ ಅಪ್ಪ ಮೊದಲು ಇಸಿ (ಜಾಗದ ಮೇಲೆ ಸಾಲ, ಋಣ ಇದೆಯೇ ಅಂತ ತೋರಿಸುವ ಪತ್ರ) ಕೇಳುತ್ತಿದ್ದರು, ಮದರ್ ಡೀಡ್ (ಜಾಗದ ಹಳೆಯ ಮೂಲ ಪತ್ರ) ಕೇಳುತ್ತಿದ್ದರು, ಪಕ್ಕದ ಜಮೀನಿನವರನ್ನು ಮಾತಾಡಿಸುತ್ತಿದ್ದರು, ಎರಡು ಲಕ್ಷ ಚೌಕಾಸಿ ಮಾಡುತ್ತಿದ್ದರು. ಬ್ರೋಕರ್ ಅಂದರೆ ನಮಗೆ ಹುಟ್ಟಿನಿಂದಲೇ ಒಂದು ಎಚ್ಚರ ಇರುತ್ತದೆ. ಈ ಹುಡುಗ ಮಾಡಿದ್ದೂ ಬ್ರೋಕರ್ ಕೆಲಸವೇ. ಬ್ರೋಕರ್ ಅಂತ ಹೇಳಲಿಲ್ಲ, ಮಗನ ಥರ ಬಂದ. ನಮ್ಮ ಮನೆಗೆ ಬೀಗ ಇತ್ತು, ಬೀಗದ ಕೈಯನ್ನು ನಾವೇ ಅವನ ಕೈಗೆ ಕೊಟ್ಟಿದ್ದೆವು.

ಬ್ರೋಕರ್ ಅಂತ ನಾನು ಸಿಟ್ಟಿನಲ್ಲಿ ಬಯ್ಯುತ್ತಿಲ್ಲ. ರೇರಾ ಕಾಯ್ದೆ ಏಜೆಂಟ್ ಅಂತ ಯಾರನ್ನು ಕರೆಯುತ್ತದೆ ಅನ್ನುವುದನ್ನು ಓದಿದೆ. ಕೊಳ್ಳುವವರನ್ನೂ ಮಾರುವವರನ್ನೂ 'ಯಾವುದೇ ಮಾಧ್ಯಮದ ಮೂಲಕ' ಪರಿಚಯಿಸಿ ಕಮಿಷನ್ ಪಡೆಯುವವರೂ ಅದರೊಳಗೆ ಬರುತ್ತಾರೆ. ಏಜೆಂಟ್ ಕೂಡ ರೇರಾದಲ್ಲಿ ನೋಂದಣಿ ಆಗಿರಬೇಕು. ಆ ನೋಟ್‌ಬುಕ್ಕಿನ ಟಿಕ್ ಏನು ಅಂತ ಆಮೇಲೆ ಟೇಬಲ್ ಹುಡುಗನೇ ಬಾಯಿಬಿಟ್ಟ. ವಿಡಿಯೋಗೆ ಒಂದು ರೇಟು, ಬುಕ್ ಆದ ಸೈಟಿಗೆ ಮೇಲೊಂದು ರೇಟು.

ಯೂಟ್ಯೂಬರ್‌ಗೆ ಮೆಸೇಜ್ ಮಾಡಿದೆ. ಅವನು ಉತ್ತರ ಕೊಡಲಿಲ್ಲ, ಅವನ 'ಟೀಮ್' ಕೊಟ್ಟಿತು. 'ಮೇಡಂ, ನಾವು ಬರೀ ಮಾಹಿತಿ ಕೊಟ್ಟಿದ್ದು. ಡಾಕ್ಯುಮೆಂಟ್ ಚೆಕ್ ಮಾಡಿಕೊಳ್ಳೋದು ನಿಮ್ಮ ಜವಾಬ್ದಾರಿ.' ನಾನೇ ಕೂತು ನೋಡಿದೀನಿ ಅಂದಿದ್ರಲ್ಲ ಅಂದೆ. ಉತ್ತರ ಇಲ್ಲ. ಇದು ಜಾಹೀರಾತು ಅಂತ ಹೇಳಲೇ ಇಲ್ವಲ್ಲ ಅಂದೆ. ಅದಕ್ಕೆ ಉತ್ತರ ಬಂತು: 'ಡಿಸ್ಕ್ರಿಪ್ಷನ್ ನೋಡಿ ಮೇಡಂ, ಹಾಕಿದೀವಿ.'

ನೋಡಿದೆ. ವಿಡಿಯೋ ಕೆಳಗೆ 'ಇನ್ನಷ್ಟು' ಒತ್ತಬೇಕು. ನಾಲ್ಕು ಫೋನ್ ನಂಬರ್, ಮ್ಯಾಪ್ ಲಿಂಕ್, ಅವನ ಕ್ಯಾಮೆರಾ ಯಾವುದು, ಮೈಕ್ ಯಾವುದು, ಆಮೇಲೆ ಮೂವತ್ತು ಹ್ಯಾಶ್‌ಟ್ಯಾಗ್. ಆ ಮೂವತ್ತರಲ್ಲಿ ಇಪ್ಪತ್ತಾರನೆಯದೋ ಇಪ್ಪತ್ತೇಳನೆಯದೋ ಇಂಗ್ಲಿಷಿನಲ್ಲಿ 'ಕೊಲ್ಯಾಬ್'. ಫೋನ್ ಅಪ್ಪನ ಕೈಗೆ ಕೊಟ್ಟು ತೋರಿಸಿದೆ. ಕನ್ನಡಕ ಮೇಲೆತ್ತಿ, ಕೆಳಗಿಳಿಸಿ ನೋಡಿದರು.

'ಹಂಗಂದ್ರೆ ಏನು ಪುಟ್ಟಿ?'

ಅಪ್ಪ ದಿನಾ ಪೇಪರ್ ಓದುವವರು. ಪುಟದ ಮೂಲೆಯಲ್ಲಿ ಸಣ್ಣದಾಗಿ 'ಜಾಹೀರಾತು' ಅಂತ ಇದ್ದರೆ ಸಾಕು, ಸುದ್ದಿಯ ಹಾಗೆ ಕಂಡರೂ ಮಗುಚಿ ಮುಂದೆ ಹೋಗುತ್ತಾರೆ. ಆ ಒಂದು ಪದ ವಿಡಿಯೋ ಮೇಲೆ ಇದ್ದಿದ್ದರೆ ನಮ್ಮ ಒಂದು ಲಕ್ಷ ಉಳಿಯುತ್ತಿತ್ತು. ಕನ್ನಡದಲ್ಲಿ ಬಾಯಿ ತುಂಬ ಬಂಧುಗಳೇ ಅನ್ನುವವನಿಗೆ ಆ ಪದ ಮಾತ್ರ ಕನ್ನಡದಲ್ಲಿ ಬರಲಿಲ್ಲ.

ನಿಯಮ ಇಲ್ಲದೆ ಏನಿಲ್ಲ. ಜಾಹೀರಾತು ಉದ್ಯಮದವರೇ ಮಾಡಿಕೊಂಡಿರುವ ಆಸ್ಕಿ ಅನ್ನುವ ಮಂಡಳಿ 2021ರಲ್ಲೇ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂದಿದೆ. ಎರಡು ನಿಮಿಷಕ್ಕಿಂತ ಉದ್ದದ ವಿಡಿಯೋ ಆದರೆ, ಆ ವಸ್ತುವಿನ ಬಗ್ಗೆ ಮಾತಾಡುವಷ್ಟೂ ಹೊತ್ತು ಜಾಹೀರಾತು ಅನ್ನುವ ಗುರುತು ತೆರೆ ಮೇಲೆ ಇರಬೇಕು. ಹ್ಯಾಶ್‌ಟ್ಯಾಗ್ ರಾಶಿಯಲ್ಲಿ ಹೂತಿಡುವ ಹಾಗಿಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದನ್ನೇ ಇನ್ನೂ ಬಿಡಿಸಿ ಹೇಳಿತು. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ವಸ್ತು, ಟೂರ್, ಹೋಟೆಲ್ ವಾಸ, ಡಿಸ್ಕೌಂಟ್, ಏನು ಪಡೆದಿದ್ದರೂ ನೋಡುವವರಿಗೆ ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹೇಳಿದ್ದು ನಿಜವೋ ಅಲ್ಲವೋ ಅಂತ ಮೊದಲೇ ಪರಿಶೀಲಿಸಿದ್ದೆ ಅಂತ ತೋರಿಸಿದರೆ ಮಾತ್ರ ಬಚಾವ್. 'ಬರೀ ಮಾಹಿತಿ ಕೊಟ್ಟಿದ್ದು' ಅನ್ನುವುದು ಪರಿಶೀಲನೆ ಅಲ್ಲ.

ವಿಡಿಯೋ ಕೆಳಗೆ ನಯವಾಗಿಯೇ ಒಂದು ಕಾಮೆಂಟ್ ಹಾಕಿದೆ, ಪಹಣಿ ನೋಡಿಕೊಂಡು ಮುಂದುವರಿಯಿರಿ ಅಂತ. ಹತ್ತು ನಿಮಿಷದಲ್ಲಿ ಮಾಯ. ಆಮೇಲೆ ನನ್ನನ್ನೇ ಬ್ಲಾಕ್ ಮಾಡಿದರು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ, ರೇರಾಗೂ ಬರೆದೆ. ಅಷ್ಟರಲ್ಲಿ ಅವನು ವಿಡಿಯೋ ತೆಗೆದುಬಿಟ್ಟಿದ್ದ. ನನ್ನ ಹತ್ತಿರ ಉಳಿದಿದ್ದು ಎರಡು ಸ್ಕ್ರೀನ್‌ಶಾಟ್. ಇಲ್ಲಿ ನಾನು ಎಡವಿದೆ. ನಿಮಗೆ ಹೀಗೇನಾದರೂ ಆದರೆ ಮೊದಲು ಪೂರ್ತಿ ವಿಡಿಯೋವನ್ನು ಸ್ಕ್ರೀನ್ ರೆಕಾರ್ಡ್ ಮಾಡಿಕೊಳ್ಳಿ, ಡಿಸ್ಕ್ರಿಪ್ಷನ್ ಕೂಡ ಸೇರಿಸಿ, ತಾರೀಖು ಕಾಣುವ ಹಾಗೆ. ಜಗಳ ಆಮೇಲೆ.

ಲೇಔಟಿನವರು ಏಳು ತಿಂಗಳಲ್ಲಿ ಮೂರು ಕಂತಾಗಿ 60 ಸಾವಿರ ವಾಪಸ್ ಹಾಕಿದ್ದಾರೆ. ಉಳಿದ 40 'ಕ್ಯಾನ್ಸಲೇಷನ್ ಚಾರ್ಜ್' ಅಂತೆ. ಅದಕ್ಕೇ ವಕೀಲರು.

ಯೂಟ್ಯೂಬರ್‌ಗಳೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಅಡುಗೆ ಮಾಡಿ ತೋರಿಸುವ ಒಬ್ಬ ಹೆಂಗಸಿನ ವಿಡಿಯೋ ನಾನು ಈಗಲೂ ನೋಡುತ್ತೇನೆ. ಮಿಕ್ಸಿ ತೋರಿಸುವ ಮೊದಲೇ 'ಇದಕ್ಕೆ ಕಂಪನಿಯವರು ದುಡ್ಡು ಕೊಟ್ಟಿದ್ದಾರೆ, ನನಗೆ ಇಷ್ಟ ಆಗಿದ್ದೂ ಹೇಳ್ತೀನಿ, ಜಾರ್ ಮುಚ್ಚಳ ಸರಿ ಕೂರಲ್ಲ ಅದೂ ಹೇಳ್ತೀನಿ' ಅನ್ನುತ್ತಾರೆ. ಆ ಮಿಕ್ಸಿ ನಮ್ಮ ಮನೆಯಲ್ಲಿದೆ. ಮುಚ್ಚಳ ನಿಜಕ್ಕೂ ಸರಿ ಕೂರಲ್ಲ. ದುಡ್ಡು ಇಸ್ಕೊಳ್ಳೋದು ತಪ್ಪಲ್ಲ, ಅವರೂ ಹೊಟ್ಟೆಪಾಡಿಗೆ ಮಾಡುವುದು. ಇಸ್ಕೊಂಡಿದ್ದನ್ನು ಹೇಳಿದರೆ ಎಷ್ಟು ನಂಬಬೇಕು ಅಂತ ನಾನು ನಿರ್ಧಾರ ಮಾಡಿಕೊಳ್ಳುತ್ತೇನೆ.

ಹೋದ ವಾರ ರಾತ್ರಿ ರೀಲ್ಸ್ ನೋಡುತ್ತಿದ್ದೆ. ಬೇರೆ ಹುಡುಗ, ಬೇರೆ ಪೇಜ್. ಆರ್ಚ್ ಮಾತ್ರ ಅದೇ. ತೆಂಗಿನ ಸಸಿಗಳು ಅರ್ಧ ಒಣಗಿದ್ದವು. ಕೊನೆಯಲ್ಲಿ ಅವನೂ ಬಗ್ಗಿ ಒಂದು ಹಳದಿ ಕಲ್ಲಿನ ಮೇಲೆ ಕೈ ಇಟ್ಟ. ಕೆಂಪು ಪೇಂಟಲ್ಲಿ 17. 'ನಮ್ಮ ಅತ್ತೆ ಹೆಸರಲ್ಲಿ ಇವತ್ತೇ ಬುಕ್ ಮಾಡಿದೆ' ಅಂದ. ಅಪ್ಪನಿಗೆ ತೋರಿಸಿದೆ. ಅವರು ಎರಡು ಸಲ ಹಿಂದಕ್ಕೆ ಹಾಕಿಸಿ ನೋಡಿದರು. ಮುದ್ದೆ ಮುರಿಯುತ್ತಾ ಹೇಳಿದರು:

'ಪಾಪ, ಅವರಮ್ಮ ಸೈಟ್ ಮಾರಿಬಿಟ್ರು ಅಂತ ಕಾಣುತ್ತೆ.'