ಅಡಕೆ ತೋಟಕ್ಕೆ 446 ವಾಕಿಟಾಕಿ: ಮಳೆಗಾಲ ಬೇಸಿಗೆ ಎರಡೂ ಬಳಸಿ ನೋಡಿದ್ಮೇಲೆ

ಹೊಸನಗರ ಕಡೆ ನಮ್ಮ ತೋಟಕ್ಕೆ 446 ಮೆಗಾಹರ್ಟ್ಸಿನ ಈ ಸಣ್ಣ ವಾಕಿಟಾಕಿ ಜೋಡಿ ತಗೊಂಡಿದ್ದು ತುಂಬಾ ಒಳ್ಳೇದಾಯ್ತು, ಆದ್ರೆ ಬಾಕ್ಸ್ ಮೇಲೆ ಬರ್ದಿರೋ ಕಿಲೋಮೀಟರ್ ನೋಡಿ ಮಾತ್ರ ಯಾರೂ ತಗೋಬೇಡಿ. ಸೆಟ್ ಯಾವ ಫ್ರೀಕ್ವೆನ್ಸಿದು, ಚಾನೆಲ್ ಹೆಂಗೆ ಇಟ್ಕೊಂಡಿದೀರಿ, ಎಲ್ಲಿ ನಿಂತು ಮಾತಾಡ್ತೀರಿ, ಇಷ್ಟರ ಮೇಲೇ ಎಲ್ಲಾ ಇರೋದು.

ನಮಗೆ ಇದು ಜಾಸ್ತಿ ಬೇಕಾಗೋದು ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ. ಮೋಟ್ರು, ಬೋರ್ಡೋ (ಮೈತುತ್ತ-ಸುಣ್ಣದ ಔಷಧಿ) ಡ್ರಮ್ಮು ಎಲ್ಲಾ ಕೆಳಗೆ ಹಳ್ಳದ ಹತ್ರ, ಹೊಡೆಯೋನು ಮೇಲಿನ ಬಣ್ಣದಲ್ಲಿ, ಅಂದ್ರೆ ತೋಟದ ಮೇಲಿನ ಪಟ್ಟಿಲಿ, ಮರದ ಮೇಲೆ, ಮಧ್ಯೆ ಎಲ್ಲಾದ್ರೂ ಪೈಪ್ ಬಿಟ್ಕೊಂಡ್ರೆ ಮೊದ್ಲೆಲ್ಲ ಕೂಗು ಹಾಕ್ಬೇಕಿತ್ತು, ಮೋಟ್ರು ಸದ್ದಲ್ಲಿ ಯಾರಿಗೂ ಕೇಳ್ತಿರ್ಲಿಲ್ಲ, ಅಷ್ಟೊತ್ತಿಗೆ ಅರ್ಧ ಔಷಧಿ ಮಣ್ಣುಪಾಲು. ಈಗ "ಮಾವ, ಪೈಪ್ ಕಿತ್ಕೊಂಡ್ತು, ಆಫ್ ಮಾಡಿ" ಅಂದ್ರೆ ಆ ಕ್ಷಣಕ್ಕೆ ಆಫು. ಮೊಬೈಲ್ ನಂಬೋ ಹಾಗಿಲ್ಲ, ನಮ್ಮಲ್ಲಿ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಹೋಗ್ತದೆ.

ಈಗ ಫ್ರೀಕ್ವೆನ್ಸಿ ವಿಷಯ, ಇದನ್ನ ಗಮನ ಇಟ್ಟು ಓದಿ. ನಮ್ಮ ದೇಶದಲ್ಲಿ 446.0 ರಿಂದ 446.2 ಮೆಗಾಹರ್ಟ್ಸ್ ಒಳಗಿನ ಕಡಿಮೆ ಪವರ್ ಸೆಟ್ಟಿಗೆ ಲೈಸೆನ್ಸ್ ಬೇಡ, 2018ರ ನಿಯಮದಲ್ಲೇ ಬಿಟ್ಟಿದಾರೆ. ಈ 200 ಕಿಲೋಹರ್ಟ್ಸ್ ಜಾಗನ 12.5 ಕಿಲೋಹರ್ಟ್ಸ್ ಲೆಕ್ಕದಲ್ಲಿ ಹೋಳು ಮಾಡಿದ್ರೆ 16 ಚಾನೆಲ್, ಒಂದನೇದು 446.00625, ಹದಿನಾರನೇದು 446.19375. ನನ್ನ ಸೆಟ್ಟಿನ ಪವರ್ ಅರ್ಧ ವಾಟ್ ಅಷ್ಟೆ. ಅಂಗಡಿಲಿ, ಆನ್‌ಲೈನಲ್ಲಿ ಐದು ವಾಟ್, ಎಂಟು ವಾಟ್ ಅಂತ ಸಿಗೋ ಸೆಟ್‌ಗಳು ಬೇರೆ, ಅವನ್ನ ಲೈಸೆನ್ಸ್ ಇಲ್ದೆ ಬಳಸಂಗಿಲ್ಲ. ಹಂಗೆ ಮಾರ್ತಿರೋದಕ್ಕೇ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಕಂಪ್ನಿಗಳಿಗೆ ನೋಟಿಸ್ ಕೊಟ್ಟು ಮಾರ್ಗಸೂಚಿನೂ ತಂತು. ತಗೊಳೋಕೆ ಮುಂಚೆ ಮಾರೋರ ಹತ್ರ ಎರಡೇ ಕೇಳಿ, ಫ್ರೀಕ್ವೆನ್ಸಿ ಎಷ್ಟು, ಇಟಿಎ (ಸರ್ಕಾರ ಆ ಮಾದರಿ ಸೆಟ್ಟಿಗೆ ಕೊಡೋ ಒಪ್ಪಿಗೆ) ಸರ್ಟಿಫಿಕೇಟ್ ಇದ್ಯಾ. ಉತ್ತರ ಕೊಡದೆ ಬರೀ ರೇಂಜ್ ಹೇಳ್ತಾ ಇದ್ರೆ ಬಿಟ್ಟು ಬನ್ನಿ.

ಅಮೆರಿಕದಲ್ಲಿರೋ ನೆಂಟರ ಹತ್ರ ತರಿಸ್ಕೊಳೋದೂ ಬೇಡ. ಅಲ್ಲಿನ ಎಫ್‌ಆರ್‌ಎಸ್ (ಅಲ್ಲಿ ಮನೆಮಂದಿ ಬಳಸೋ ವಾಕಿಟಾಕಿ) ಸೆಟ್ಟು 462 ಮತ್ತು 467 ಮೆಗಾಹರ್ಟ್ಸಲ್ಲಿ ಕೆಲಸ ಮಾಡೋದು, ಅದರ ಒಂದನೇ ಚಾನೆಲ್ 462.5625. ನಮ್ಮ ಒಂದನೇ ಚಾನೆಲ್ ಜೊತೆ ಅದು ಮಾತಾಡೋದೇ ಇಲ್ಲ, ಮೇಲಿಂದ ಇಲ್ಲಿ ಲೈಸೆನ್ಸ್ ವಿನಾಯಿತಿನೂ ಇಲ್ಲ.

ಡಬ್ಬದಿಂದ ತೆಗೆದಾಗ ನಮ್ಮ ಸೆಟ್ ಒಂದನೇ ಚಾನೆಲ್ಲಲ್ಲೇ ಇತ್ತು, ಪಕ್ಕದ ತೋಟದವ್ರದ್ದೂ ಅದೇ, ಹಾಗಾಗಿ ಅವ್ರ ಆಳಿಗೆ ಹೇಳಿದ್ದು ನಮ್ಮ ಆಳಿಗೆ ಕೇಳ್ತಿತ್ತು. ಮಾತಾಡ್ಕೊಂಡು ಅವ್ರು ಒಂದರಲ್ಲೇ ಉಳ್ಕೊಂಡ್ರು, ನಾವು ಹನ್ನೊಂದಕ್ಕೆ ಹೋದ್ವಿ, ಅಲ್ಲಿಗೆ ಸಮಸ್ಯೆ ಮುಗೀತು. ಪ್ರೈವೆಸಿ ಕೋಡ್ ಅಂತ ಒಂದು ಬರ್ತದಲ್ಲ, ಅದು ಗುಟ್ಟು ಕಾಯೋ ವ್ಯವಸ್ಥೆ ಅಲ್ಲವೇ ಅಲ್ಲ. ಮಾತಿನ ಜೊತೆ 67.0 ರಿಂದ 250.3 ಹರ್ಟ್ಸ್ ಒಳಗೆ ಒಂದು ಸಣ್ಣ ಸ್ವರ ಹೋಗ್ತದೆ, ಆ ಸ್ವರ ಬಂದ್ರೆ ಮಾತ್ರ ನಮ್ಮ ಸ್ಪೀಕರ್ ತೆರ್ಕೊಳ್ತದೆ. ಅಂದ್ರೆ ಬೇರೆಯವ್ರ ಮಾತು ನಮಗೆ ಕೇಳಲ್ಲ, ನಮ್ಮ ಮಾತು ಕೋಡ್ ಹಾಕ್ದೆ ಇರೋ ಎಲ್ರಿಗೂ ಕೇಳ್ತದೆ. ಅಡಕೆ ರೇಟು, ಮನೆ ಬೀಗದ ವಿಷಯ ಇದರಲ್ಲಿ ಆಡ್ಬೇಡಿ. ಎರಡು ಕಂಪ್ನಿ ಸೆಟ್ ಸೇರಿಸೋದಾದ್ರೆ ಕೋಡ್ ನಂಬರ್ ಬದ್ಲು ಹರ್ಟ್ಸ್ ಹೊಂದಿಸಿ, ನಂಬರ್ ಒಂದೊಂದ್ರಲ್ಲಿ ಒಂದೊಂದು ಥರ ಇರ್ತದೆ.

ರೇಂಜ್ ಅಂದ್ರೆ, ಬ್ಯಾಣದ (ತೋಟದ ಮೇಲಿನ ಹುಲ್ಲುಗಾವಲಿನ) ತುದಿಲಿ ನಿಂತ್ರೆ ಕಣಿವೆ ಆಚೆ ಗುಡ್ಡದ ಮನೆಗೂ ಗಂಟೆ ಹೊಡೆದಂಗೆ ಕೇಳ್ತದೆ. ಅದೇ ತೋಟದ ತಗ್ಗಿಗೆ ಇಳಿದು ಮಧ್ಯೆ ಒಂದು ದಿಬ್ಬ ಬಂತೋ, ಕೂಗಳತೆ ದೂರದಲ್ಲೇ ಗೊರಗೊರ ಶುರು. ಈ ಅಲೆ ಗುಡ್ಡ ಸುತ್ತಿ ಬರಲ್ಲ, ಮಳೇಲಿ ನೆನೆದ ಸೊಪ್ಪು ಕೂಡ ಅದನ್ನ ಹೀರ್ತದೆ, ಆಷಾಢದಲ್ಲಿ ಕಾಡಿನ ಅಂಚಿಗೆ ಹೋದ್ರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗ್ತದೆ. ಸೆಟ್ಟನ್ನ ನೆಟ್ಟಗೆ ಹಿಡ್ಕೊಂಡು, ತಲೆಗಿಂತ ಸ್ವಲ್ಪ ಮೇಲಕ್ಕೆ ಎತ್ತಿ, ನಾಲ್ಕು ಹೆಜ್ಜೆ ಆಚೆ ಈಚೆ ಹೋದ್ರೂ ಎಷ್ಟೋ ಸಲ ಸರಿಯಾಗ್ತದೆ. 27 ಮೆಗಾಹರ್ಟ್ಸಿನ ಸಿಬಿ (ಸಿಟಿಜನ್ಸ್ ಬ್ಯಾಂಡ್) ಸೆಟ್ಟಿಗೂ ಲೈಸೆನ್ಸ್ ಬೇಡ, ಮರದ ಮಧ್ಯೆ ಅದು ಇನ್ನೂ ಚೆನ್ನಾಗಿ ನುಗ್ತದೆ, ಆದ್ರೆ ಅದಕ್ಕೆ ಸರಿಯಾದ ಏರಿಯಲ್ ಅಂದ್ರೆ ಎರಡೂ ಮುಕ್ಕಾಲು ಮೀಟರ್ ಹತ್ರ ಬೇಕು, ಸೊಂಟಕ್ಕೆ ಸಿಕ್ಕಿಸ್ಕೊಂಡು ಕೆಲಸ ಮಾಡೋರಿಗೆ ಆಗಲ್ಲ.

ಕೆಲಸದೋರಿಗೆ ಹೇಳ್ಕೊಡ್ಬೇಕಾಗಿದ್ದು ಇಷ್ಟೇ, ಬಟನ್ ಒತ್ತಿ ಒಂದು ಕ್ಷಣ ತಡೆದು ಮಾತಾಡಿ, ಇಲ್ದಿದ್ರೆ ಮೊದಲ ಪದ ನುಂಗಿ ಹೋಗ್ತದೆ, "ಆಫ್ ಮಾಡಿ" ಅನ್ನೋದ್ರಲ್ಲಿ "ಆಫ್" ಹೋದ್ರೆ ಏನಾಗ್ತದೆ ಯೋಚ್ನೆ ಮಾಡಿ. ಮಾತಾಡಿದ್ರೆ ತಾನೇ ಆನ್ ಆಗೋ ವಾಕ್ಸ್ ಮೋಟ್ರು ಹತ್ರ ಬೇಡವೇ ಬೇಡ, ಸದ್ದಿಗೇ ಆನ್ ಆಗಿ ಚಾನೆಲ್ ಹಿಡ್ಕೊಂಡ್ಬಿಡ್ತದೆ.

ಮೈತುತ್ತದ ನೀರು ಸಿಡಿದು ಚಾರ್ಜಿಂಗ್ ಕಡ್ಡಿ ಹಸಿರುಗಟ್ಟಿತ್ತು, ಒಣಬಟ್ಟೆಲಿ ಉಜ್ಜಿದ್ಮೇಲೆ ಸರಿಹೋಯ್ತು. ಈಗ ತೆಳು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಕೊಡ್ತೀನಿ, ಮಾತು ಚೂರು ಮಂಕಾದ್ರೂ ಅರ್ಥ ಆಗ್ತದೆ. ಬ್ಯಾಟ್ರಿ ಈಗ್ಲೂ ಬೆಳಿಗ್ಗೆಯಿಂದ ಸಾಯಂಕಾಲದ ತನಕ ಬರ್ತಿದೆ.